ಕ್ಯಾಲೆಂಡರಿನ ಕೆಂಪು ಸುತ್ತು

ಮಾತ್ರೆ ನುಂಗಿದ್ದು ಬೆಳಗಿನ ಆರೂವರೆಗೆ. ಹಾಗಾದರೆ ಹನ್ನೆರಡೂವರೆಯವರೆಗೆ ಭಯವಿಲ್ಲ ಎಂದು ದೊಡ್ಡಮ್ಮ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತ ಲೆಕ್ಕ ಹಾಕಿದಳು. ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು, ಗೋಡೆಗೆ ಕೈಯೂರಿ, ಇಡೀ ದಿನಕ್ಕೆ ಆಗುವಷ್ಟು ಕೆಮ್ಮನ್ನು ಇಲ್ಲೇ ಕೆಮ್ಮಿ ಮುಗಿಸಿಬಿಡೋಣವೆಂದು ನೋಡಿದಳು. ಬಾ ಎಂದಾಗ ಅದು ಬರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಮುಖ ತಿರುಗಿಸುವಷ್ಟು ಬಂದದ್ದು ಈಗ ಎದೆಯ ಕೆಳಗೆಲ್ಲೋ ಹೊಂಚು ಹಾಕಿ ಕೂತಿತ್ತು. ನಾಲಿಗೆಯಡಿಯ ಲವಂಗವನ್ನು ದವಡೆಗೆ ಸರಿಸಿದಳು. ಮಗು ನೋಡಿಕೊಳ್ಳುವ ಕೆಲಸಕ್ಕೆ ಹೋದ ಮನೆಯಲ್ಲಿ ಕೆಮ್ಮಬಾರದು ಎನ್ನುವುದು ಅಕ್ಕ ಕಲಿಸಿದ ಮೊದಲ ಪಾಠ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಹಟ ಹಿಡಿದಾಗ ಕಿಟಕಿಯ ಹತ್ತಿರ ಒಯ್ದು ಮರೆಸುವುದು ಎಲ್ಲ ಆಮೇಲಿನವು. ಸೀನು ಬಂದರೆ ಧೂಳು ಎನ್ನಬೇಕು, ಕೆಮ್ಮು ಬಂದರೆ ನೀರು ನೆತ್ತಿಗೇರಿತು ಎನ್ನಬೇಕು, ತಲೆನೋವು ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಅದನ್ನು ಹೇಳಲೇಬಾರದು. ಹನ್ನೊಂದು ವರ್ಷ ಒಂದೇ ಮನೆಯ ಎರಡು ಮಕ್ಕಳನ್ನು ಎತ್ತಿ ಆಡಿಸಿದ ಅಕ್ಕನಿಗೆ ಇವೆಲ್ಲ ಅಂಗೈ ಗೆರೆಯ ಹಾಗೆ ಗೊತ್ತಿದ್ದವು. ಕೊನೆಗೆ ಮುಚ್ಚಿಡಲಾಗದಂಥದ್ದೇ ಬಂದು, ಎದೆಯಲ್ಲಿ ನೀರು ತುಂಬಿ ಮೂರು ವಾರ ಮಲಗಿದಾಗ ಆ ಮನೆಯವರು ಒಂದು ಬುಟ್ಟಿ ಹಣ್ಣು ಕಳಿಸಿದರು. ಬುಟ್ಟಿಗೆ ರಿಬ್ಬನ್ ಕಟ್ಟಿತ್ತು. ಹೊತ್ತು ತಂದವಳು ಬಾಗಿಲಲ್ಲೇ ನಿಂತು, ಚಿಕ್ಕದನ್ನು ನೀವು ಯಾವ ಹಾಡು ಹೇಳಿ ಮಲಗಿಸುತ್ತಿದ್ದಿರಿ ಎಂದು ಕೇಳಿದಳು. ಕೆಲಸ ಹೋದದ್ದು ಅಕ್ಕನಿಗೆ ಗೊತ್ತಾದದ್ದು ಹಾಗೆ. ಹಾಡು ಹೇಳಿಕೊಟ್ಟಳಂತೆ, ಎರಡು ಸಲ, ರಾಗ ತಪ್ಪಿದ್ದನ್ನು ತಿದ್ದಿ.

ಅದೇ ಅಕ್ಕ ಇವತ್ತು ಬೆಳಿಗ್ಗೆ ಹಾಸಿಗೆಯಿಂದಲೇ ಕೈ ಚಾಚಿ ಅವಳ ಹಣೆ ಮುಟ್ಟಿ, ಒಲೆ ಹಂಗೆ ಸುಡ್ತಿದೆಯಲ್ಲೇ ಎಂದಿದ್ದಳು. ಹೋಗಬೇಡ ಎನ್ನುತ್ತಾಳೇನೋ ಎಂದು ದೊಡ್ಡಮ್ಮ ಒಂದು ಗಳಿಗೆ ಕಾದಳು. ಎರಡು ಮಾತ್ರೆ ಉಳಿದಿವೆ, ಒಂದನ್ನು ಈಗ ನುಂಗು, ಒಂದನ್ನು ಚೀಲಕ್ಕೆ ಹಾಕಿಕೋ ಎಂದು ಹೇಳಿ ಅಕ್ಕ ಗೋಡೆಯ ಕಡೆ ಹೊರಳಿದಳು. ಆ ಬೆನ್ನನ್ನು ನೋಡುತ್ತ ದೊಡ್ಡಮ್ಮನಿಗೆ ಸಿಟ್ಟು ಬಂದಿತ್ತು. ಬಸ್ಸು ಹತ್ತುವ ಹೊತ್ತಿಗೆ ಆ ಸಿಟ್ಟು ಯಾರ ಮೇಲೆ ಎನ್ನುವುದು ತಿಳಿಯದಾಗಿತ್ತು.

ಬಾಗಿಲು ತೆರೆದವಳು ಮಗುವಿನ ತಾಯಿ. ಒಂದು ಕಿವಿಗೆ ಓಲೆ ಹಾಕಿ ಇನ್ನೊಂದನ್ನು ಬೆರಳಲ್ಲಿ ಹಿಡಿದಿದ್ದಳು. ಗಂಡ ಕೆಲಸದ ಮೇಲೆ ಮೂರು ವಾರ ಪರವೂರಿಗೆ ಹೋದಂದಿನಿಂದ ಅವಳ ಬೆಳಗುಗಳೆಲ್ಲ ಹೀಗೆ ಅರ್ಧರ್ಧ. ಮೊದಲ ದಿನವೇ ಅವಳು ಮೇಡಂ ಗೀಡಂ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ ಎಂದಿದ್ದಳು. ಸಂಬಳ ಕೊಡುವವಳನ್ನು ಹೆಸರು ಹಿಡಿದು ಕರೆಯಲು ದೊಡ್ಡಮ್ಮನಿಗೆ ಬಾಯಿ ಬರಲಿಲ್ಲ, ಮೇಡಂ ಎನ್ನಲು ಅವಳು ಬಿಡಲಿಲ್ಲ. ಹಾಗಾಗಿ ಒಂದೂವರೆ ವರ್ಷದಿಂದ ಏನೂ ಕರೆಯದೆಯೇ ಮಾತಾಡುವುದನ್ನು ರೂಢಿಸಿಕೊಂಡಿದ್ದಳು. ಅಡುಗೆಮನೆಯಿಂದ ಕೂಗಬೇಕಾದಾಗ ಎದ್ದು ಅವಳಿದ್ದ ಕೋಣೆಗೇ ಹೋಗಿ ನಿಲ್ಲುತ್ತಿದ್ದಳು. ದೊಡ್ಡಮ್ಮ ಎನ್ನುವ ಹೆಸರು ಮಾತ್ರ ಮೊದಲ ವಾರದಲ್ಲೇ ತನಗೆ ಅಂಟಿಕೊಂಡಿತು. ಎರಡೂವರೆ ವರ್ಷದ ಗುಬ್ಬಿಯ ಬಾಯಲ್ಲಿ ಅದು ದೊಮ್ಮ. ಈಗಲೂ ಗುಬ್ಬಿ ದೊಮ್ಮ ದೊಮ್ಮ ಎನ್ನುತ್ತ ಓಡಿ ಬಂದು ಕಾಲು ಅಪ್ಪಿಕೊಂಡಿತು. ಎತ್ತಿಕೊಳ್ಳಲು ಬಗ್ಗುವವಳು ತಡೆದು, ಕೈ ತೊಳೆದುಕೊಂಡು ಬರ್ತೀನಿ ತಾಳು ಮರಿ ಎಂದು ಬಚ್ಚಲಿಗೆ ಹೋದಳು. ಕನ್ನಡಿಯಲ್ಲಿ ಕೆನ್ನೆ ಕೆಂಪಗಿತ್ತು. ಬಿಸಿಲಲ್ಲಿ ಬಂದವಳ ಕೆಂಪು ಎಂದುಕೊಳ್ಳಬಹುದಿತ್ತು, ಹೊರಗೆ ಬಿಸಿಲಿದ್ದಿದ್ದರೆ. ಬಚ್ಚಲಿನಿಂದ ಬಂದಾಗ ತಾಯಿ ಅವಳನ್ನು ಎರಡು ಕ್ಷಣ ಜಾಸ್ತಿಯೇ ನೋಡಿದಳೆನ್ನಿಸಿತು. ಗಂಟಲು ಕಟ್ಟಿದ ಹಾಗಿದೆಯಲ್ಲ ಎಂದು ಕೇಳಿದಳು. ಬಸ್ಸಿನ ಕಿಟಕಿ ಮುಚ್ಚಲು ಬರುತ್ತಿರಲಿಲ್ಲ, ಗಾಳಿ, ಎಂದಳು ದೊಡ್ಡಮ್ಮ. ತಾಯಿ ಇನ್ನೇನೋ ಕೇಳುವವಳಂತೆ ನಿಂತಳು. ಆಮೇಲೆ ಗಡಿಯಾರ ನೋಡಿದಳು, ಇನ್ನೊಂದು ಓಲೆಯನ್ನು ಹಾಕಿಕೊಂಡಳು, ಮತ್ತೆ ಕೇಳಲಿಲ್ಲ. ಕೇಳದೆ ಹೋದದ್ದಕ್ಕೆ ದೊಡ್ಡಮ್ಮನಿಗೆ ಉಸಿರು ಬಂತು. ಕೇಳಬಹುದಿತ್ತಲ್ಲ ಎಂದೂ ಅನ್ನಿಸಿತು.

ಈ ಮನೆಯಲ್ಲಿ ಜ್ವರವೆಂದರೆ ಬೇರೆ ಮನೆಗಳ ಹಾಗಲ್ಲ. ವರ್ಷ ತುಂಬುವ ಮುಂಚೆ ಗುಬ್ಬಿಗೆ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡು, ಎರಡು ನಿಮಿಷ ಮಗು ಇದೆಯೋ ಇಲ್ಲವೋ ಎನ್ನುವಂತಾಗಿತ್ತಂತೆ. ದೊಡ್ಡಮ್ಮ ಆಗ ಇನ್ನೂ ಬಂದಿರಲಿಲ್ಲ. ಮಕ್ಕಳಿಗೆ ಹೀಗಾಗುವುದುಂಟು, ಹೆದರಬೇಡಿ, ಕೆಲವು ದಿನ ಮೈಬಿಸಿ ನೋಡುತ್ತಿರಿ ಎಂದು ಡಾಕ್ಟರು ಹೇಳಿದ ಆ ಕೆಲವು ದಿನ ಈ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ. ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಥರ್ಮಾಮೀಟರನ್ನು ಗುಬ್ಬಿಯ ಕಂಕುಳಲ್ಲಿಟ್ಟು, ಅದು ಕೀಂ ಎಂದಮೇಲೆ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಎಷ್ಟು ತಿಂದಳು, ಎಷ್ಟು ಹೊತ್ತು ಮಲಗಿದಳು ಎನ್ನುವುದು ಅದರ ಕೆಳಗೆ. ಸಂಜೆ ತಾಯಿ ಮನೆಗೆ ಬಂದವಳೇ ಹೆಗಲ ಚೀಲ ಇಳಿಸುವ ಮೊದಲು ಥರ್ಮಾಮೀಟರಿನ ಡಬ್ಬಿ ತೆರೆದು ನೋಡುತ್ತಿದ್ದಳು. ಸ್ಪಿರಿಟ್ಟಿನಲ್ಲಿ ಒರೆಸಿ ಇಟ್ಟಿದ್ದಾಳೋ ಇಲ್ಲವೋ ಎಂದು ನೋಡುತ್ತಾಳೆ ಎಂದು ದೊಡ್ಡಮ್ಮ ತಿಳಿದಿದ್ದಳು. ಮೊದಮೊದಲು ಅದು ಮನಸ್ಸಿಗೆ ಚುಚ್ಚುತ್ತಿತ್ತು. ಆಮೇಲೆ ಪ್ರತಿ ಸಲವೂ ಎರಡೆರಡು ಬಾರಿ ಒರೆಸಿಡತೊಡಗಿದಳು, ನೋಡಲಿ, ಎಷ್ಟು ಬೇಕಾದರೂ ನೋಡಲಿ ಎಂದು.

ಇಂಥ ಮನೆಗೆ ಜ್ವರ ಹೊತ್ತು ತಂದಿದ್ದಳು. ತಾಯಿ ಹೊರಟು ಲಿಫ್ಟಿನ ಸದ್ದು ಕೆಳಗಿಳಿದದ್ದೇ ಎಲ್ಲ ಕಿಟಕಿಗಳನ್ನೂ ತೆರೆದಳು. ಸಕ್ಕರೆ ತೆಗೆಯಲು ಅಡುಗೆಮನೆಯ ಬೀರು ತೆರೆದಾಗ ಬಾಗಿಲ ಒಳಮೈಗೆ ಅಂಟಿಸಿದ ಕ್ಯಾಲೆಂಡರು ಎಂದಿನಂತೆ ಎದುರಾಯಿತು. ವರ್ಷವಿಡೀ ಒಂದೇ ಹಾಳೆಯಲ್ಲಿದ್ದ ಕ್ಯಾಲೆಂಡರು. ಅದರಲ್ಲಿ ಒಂದೇ ಒಂದು ತಾರೀಕಿಗೆ ಕೆಂಪು ಪೆನ್ನಿನ ಸುತ್ತು. ವರ್ಷಕ್ಕೆ ಆರು ದಿನ ಕಾಯಿಲೆಯ ರಜೆ, ಸಂಬಳ ಸಹಿತ, ಎಂದು ಕೆಲಸಕ್ಕೆ ಸೇರಿದ ದಿನ ಕೊಟ್ಟ ಕಾಗದದಲ್ಲಿ ಬರೆದಿತ್ತು. ಅಕ್ಕ ಆ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, ನಮ್ಮ ಕಾಲದಲ್ಲಿ ಇಂಥದ್ದೆಲ್ಲಿತ್ತು ಎಂದು ನಾಲ್ಕಾಗಿ ಮಡಿಸಿ ಬಟ್ಟೆಗಳ ಅಡಿಯಲ್ಲಿಟ್ಟಳು. ಆ ಆರರಲ್ಲಿ ದೊಡ್ಡಮ್ಮ ಬಳಸಿದ್ದು ಒಂದು, ಆ ಕೆಂಪು ಸುತ್ತಿನದು. ಹೊಟ್ಟೆ ಕೆಟ್ಟ ದಿನ. ಫೋನು ಮಾಡಿ ಹೇಳಿದಾಗ ತಾಯಿ ಪರವಾಗಿಲ್ಲ, ರೆಸ್ಟ್ ತಗೊಳ್ಳಿ ಎಂದಿದ್ದಳು. ಸಂಬಳದಲ್ಲಿ ಒಂದು ಕಾಸೂ ಹಿಡಿಯಲಿಲ್ಲ. ಮರುದಿನ ಕೆಲಸಕ್ಕೆ ಬಂದಾಗ ಗುಬ್ಬಿಯ ಅಪ್ಪ ನಗುತ್ತ, ಆರರಲ್ಲಿ ಒಂದಾಯ್ತು, ಇನ್ನೈದನ್ನ ನೋಡ್ಕೊಂಡು ಖರ್ಚು ಮಾಡಿ ದೊಡ್ಡಮ್ಮ ಎಂದ. ತಮಾಷೆಗೇ ಅಂದದ್ದು. ಅವಳೂ ನಕ್ಕಳು. ಆದರೆ ಸಂಜೆ ಸೋಫಾದ ಸಂದಿಯಿಂದ ಗುಬ್ಬಿಯ ಆಟದ ಚಮಚ ತೆಗೆಯುವಾಗ ಕೈಗೆ ಒಂದು ಕೂದಲಪಿನ್ನು ಸಿಕ್ಕಿತು. ಹಸಿರು ಬಣ್ಣದ್ದು, ಈ ಮನೆಯವರದಲ್ಲ, ತನ್ನದಂತೂ ಅಲ್ಲ. ಏಜೆನ್ಸಿಯಿಂದ ಒಂದು ದಿನಕ್ಕೆ ಯಾರೋ ಬಂದಿದ್ದಳು. ಎರಡು ದಿನ ಗುಬ್ಬಿ ಮಲಗುವಾಗ ದೊಡ್ಡಮ್ಮನಿಗೆ ಗೊತ್ತಿಲ್ಲದ ಒಂದು ಹಾಡೇ ಬೇಕೆಂದು ರಚ್ಚೆ ಹಿಡಿಯಿತು. ಆ ಪಿನ್ನನ್ನು ಅವಳು ಕಸಕ್ಕೆ ಹಾಕಲೂ ಇಲ್ಲ, ತಾಯಿಯ ಕೈಗೆ ಕೊಡಲೂ ಇಲ್ಲ. ಈಗಲೂ ಅದು ಅವಳ ಚೀಲದ ಮೂಲೆಯಲ್ಲಿದೆ. ಪ್ರತಿ ದಿನ ಸಕ್ಕರೆ ತೆಗೆಯುವಾಗ ಕೆಂಪು ಸುತ್ತು ನೋಡುತ್ತಾಳೆ, ಎರಡನೆಯದು ಬೀಳಲು ಬಿಡುವುದಿಲ್ಲ ಎಂದುಕೊಳ್ಳುತ್ತಾಳೆ. ಸಂಬಳ ಕೊಡುತ್ತಾರೆ, ಸರಿ. ರಜೆಯ ದಿನ ಆ ಮನೆಯ ಬಾಗಿಲು ತನಗಾಗಿ ಕಾಯುತ್ತಿರುತ್ತದೆ ಎಂದು ಯಾವ ಕಾಗದದಲ್ಲಿ ಬರೆದಿದೆ.

ಒಂಬತ್ತಕ್ಕೆ ಗುಬ್ಬಿಯ ಮೈ ತೊಂಬತ್ತೆಂಟು ಚಿಲ್ಲರೆ. ಬರೆದಳು. ಆಮೇಲೆ ಶಾಲನ್ನು ಮೂಗಿನ ಮೇಲಿನಿಂದ ಬಿಗಿಯಾಗಿ ಸುತ್ತಿ ತಲೆಯ ಹಿಂದೆ ಗಂಟು ಹಾಕಿದಳು. ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದು ಯೋಚಿಸಿತು. ದೊಮ್ಮ ಕಳ್ಳ ಎಂದಳು ದೊಡ್ಡಮ್ಮ. ಗುಬ್ಬಿ ಖುಷಿಯಾಗಿ ಕೇಕೆ ಹಾಕಿತು. ಬೆಳಿಗ್ಗೆಯಿಡೀ ಕಳ್ಳನ ಆಟ ನಡೆಯಿತು. ಕಳ್ಳ ದೂರದಲ್ಲೇ ಕೂರಬೇಕು, ಕಳ್ಳನನ್ನು ಯಾರೂ ಮುಟ್ಟಬಾರದು, ಕಳ್ಳ ಅನ್ನ ತಿನ್ನಿಸಿದರೆ ಚಮಚದ ತುದಿಯಿಂದ ಮಾತ್ರ. ನಿಯಮಗಳನ್ನು ಒಂದೊಂದಾಗಿ ಕಟ್ಟುತ್ತ ಹೋದಂತೆ ತನ್ನ ಜಾಣತನಕ್ಕೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಶಾಲಿನೊಳಗೆ ತನ್ನದೇ ಬಿಸಿಯುಸಿರು ಮುಖಕ್ಕೆ ರಾಚಿದಾಗೆಲ್ಲ ಅಸಹ್ಯ. ಕಳ್ಳನ್ನ ಹಿಡ್ದೆ ಎಂದು ಗುಬ್ಬಿ ಹಿಂದಿನಿಂದ ಬಂದು ಕುತ್ತಿಗೆಗೆ ಜೋತುಬಿದ್ದಾಗ, ಪುಟ್ಟ ಕೆನ್ನೆ ತನ್ನ ಸುಡುವ ಕಿವಿಗೆ ತಾಗಿದಾಗ, ಬಿಡಿಸಿಕೊಳ್ಳಬೇಕು ಎಂದು ಕೈ ಹೋಯಿತು. ಬಿಡಿಸಿಕೊಂಡಳು. ಸ್ವಲ್ಪ ಜೋರಾಗಿಯೇ ಬಿಡಿಸಿಕೊಂಡಳು. ಗುಬ್ಬಿ ನೆಲದ ಮೇಲೆ ಕೂತು ಅವಳ ಮುಖವನ್ನು, ಕಣ್ಣುಗಳಷ್ಟೇ ಕಾಣುವ ಮುಖವನ್ನು, ಅಳಬೇಕೋ ಬೇಡವೋ ಎಂದು ನೋಡಿತು. ಅಕ್ಕ ಸಾಕಿದ ಆ ಚಿಕ್ಕ ಮಗು ಈಗ ದೊಡ್ಡದಾಗಿರಬೇಕು. ಒಮ್ಮೆ ಬಸ್ ಸ್ಟಾಪಿನಲ್ಲಿ ಅಕ್ಕನ ಎದುರೇ ನಿಂತಿತ್ತಂತೆ, ಕಿವಿಗೆ ಫೋನು ಹಿಡಿದು. ಗುರುತು ಹಿಡಿಯಲಿಲ್ಲ. ಗುರುತು ಹಿಡಿಯಲು ನಾನೇನು ಅವರ ಸೋಫಾವೇ ಎಂದು ಅಕ್ಕ ನಗುತ್ತ ಹೇಳಿದ್ದಳು.

ಹನ್ನೆರಡೂವರೆಯವರೆಗೂ ಕಾಯಬೇಕಾಗಲಿಲ್ಲ. ಹನ್ನೆರಡಕ್ಕೇ ಬೆನ್ನುಹುರಿಯ ಉದ್ದಕ್ಕೂ ಯಾರೋ ತಣ್ಣೀರಿನ ದಾರ ಎಳೆದ ಹಾಗಾಯಿತು. ಗುಬ್ಬಿಯನ್ನು ಮಲಗಿಸಿ, ಮಂಚದ ಇನ್ನೊಂದು ತುದಿಯಲ್ಲಿ ಮುಖ ತಿರುಗಿಸಿ ಕೂತು, ಹಾಡನ್ನು ಗೋಡೆಗೆ ಹೇಳಿ ಮುಗಿಸಿ, ಚೀಲ ತೆರೆದಳು. ಮಾತ್ರೆ ಇರಲಿಲ್ಲ. ಚೀಲವನ್ನು ನೆಲದ ಮೇಲೆ ಬೋರಲು ಹಾಕಿದಳು. ಬಸ್ಸಿನ ಚೀಟಿಗಳು, ಕೀಲಿಕೈ, ಹಸಿರು ಪಿನ್ನು. ಮನೆಯ ಕಪಾಟಿನ ಮೇಲೆ ನೀರಿನ ಲೋಟದ ಪಕ್ಕದಲ್ಲಿ ಆ ಎರಡನೆಯ ಮಾತ್ರೆ ಕೂತಿರುವುದು ಕಣ್ಣಿಗೆ ಕಟ್ಟಿತು. ಅಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳುತ್ತ ಮರೆತು ಬಂದಿದ್ದಳು. ತಾಯಿ ಬರುವುದಕ್ಕೆ ಇನ್ನೂ ಆರು ತಾಸು. ಹಲ್ಲು ಕಟಕಟ ಎನ್ನತೊಡಗಿತ್ತು.

ಮನೆಯ ಔಷಧಿ ಡಬ್ಬಿ ಎಲ್ಲಿದೆ ಎನ್ನುವುದು ಮನೆಯವರಿಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಹೋದ ಶನಿವಾರ ಅದನ್ನೆಲ್ಲ ಒಪ್ಪ ಮಾಡಿದವಳು ಅವಳೇ, ಅವಧಿ ಮುಗಿದದ್ದನ್ನು ಬಿಸಾಕಿ, ಹೊಸದಾಗಿ ತಂದ ಜ್ವರದ ಮಾತ್ರೆಯ ಹತ್ತರ ಪಟ್ಟಿಯನ್ನು ಗುಬ್ಬಿಯ ಕೈಗೆ ಸಿಗದ ಮೇಲಿನ ಅಂತಸ್ತಿನಲ್ಲಿಟ್ಟು. ಕೆಲಸದ ಮನೆಯಲ್ಲಿ ಕೇಳದೆ ಒಂದು ಮಾತ್ರೆಯನ್ನೂ ತೆಗೆಯಬಾರದು, ಅದೂ ಅಕ್ಕನ ಪಾಠವೇ. ನೋಡುವುದಕ್ಕೇನು ಎಂದು ಸ್ಟೂಲು ಹಾಕಿ ಹತ್ತಿದಳು. ಪಟ್ಟಿ ಅಲ್ಲಿತ್ತು. ಅದರಲ್ಲಿ ಆರೇ ಇದ್ದವು. ನಾಲ್ಕು ಗುಳಿಗಳು ಹರಿದ ಬೆಳ್ಳಿ ಕಾಗದದೊಂದಿಗೆ ಬಾಯಿ ಬಿಟ್ಟುಕೊಂಡಿದ್ದವು. ಸ್ಟೂಲಿನ ಮೇಲೆಯೇ ನಿಂತು, ಜ್ವರದ ತಲೆಯಲ್ಲಿ, ಎಲ್ಲಿ ಹೋದವು ಎಂದು ಯೋಚಿಸಿದಳು. ಗುಬ್ಬಿಯ ಅಪ್ಪ ಊರಲ್ಲಿಲ್ಲ. ಗುಬ್ಬಿಗೆ ಕೊಡುವುದು ಸಿರಪ್ಪು. ಆಗ ಸೋಮವಾರ ನೆನಪಾಯಿತು. ಸೋಮವಾರ ಬೆಳಿಗ್ಗೆ ತಾಯಿ ಸೊಂಟ ಹಿಡಿದುಕೊಂಡಿದೆ ಎಂದು ಗುಬ್ಬಿಯನ್ನು ಎತ್ತಿಕೊಂಡಿರಲಿಲ್ಲ. ಭಾನುವಾರ ಪಕ್ಕದ ಕೋಣೆಯಲ್ಲಿ ಮಲಗಿದ್ದೆ, ಗುಬ್ಬಿ ಒದೀತಾಳೆ ಎಂದಿದ್ದಳು. ಕತ್ತಿಗೆ ಸ್ಕಾರ್ಫು ಸುತ್ತಿದ್ದಳು. ಮುಖಕ್ಕೆ ಪೌಡರು ಜಾಸ್ತಿಯಾಗಿತ್ತು. ಗಂಟಲು ಕಟ್ಟಿದೆಯಲ್ಲ ಎಂದು ದೊಡ್ಡಮ್ಮ ಕೇಳಿದ್ದಳು, ಹೌದು, ತಾನೇ ಕೇಳಿದ್ದಳು, ಅದಕ್ಕೆ ಅವಳು ಆಫೀಸಿನ ಏಸಿ ಎಂದು ಹೇಳಿ ತಾನು ಕುಡಿದ ಲೋಟವನ್ನು ತೊಳೆಯುವ ರಾಶಿಗೆ ಹಾಕಿ ಹೋಗಿದ್ದಳು. ಆ ಲೋಟವನ್ನು ದೊಡ್ಡಮ್ಮ ತೊಳೆದಳು. ಸೋಮವಾರ. ಇವತ್ತು ಬುಧವಾರ.

ಪಟ್ಟಿಯನ್ನು ಇದ್ದಲ್ಲೇ ಇಟ್ಟು ಸ್ಟೂಲಿನಿಂದ ಇಳಿದಳು. ಮಾತ್ರೆ ತೆಗೆದುಕೊಳ್ಳಲಿಲ್ಲ. ಮೊದಲು ಬಂದದ್ದು ಒಂದು ಬಗೆಯ ಕೆಟ್ಟ ಸಂತೋಷ, ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲನ್ನು ಇನ್ನೊಬ್ಬರ ಎದೆಗೆ ಸಾಗಿಸಿದ ಸಂತೋಷ. ನಾನು ತಂದದ್ದಲ್ಲ, ನನಗೆ ಇಲ್ಲಿಂದಲೇ ಬಂದದ್ದು. ಜ್ವರ ಎಂದು ಅವಳು ಒಂದು ಮಾತು ಹೇಳಿದ್ದರೆ ನಾನು ಮನೆಯಲ್ಲೇ ಉಳಿಯುತ್ತಿದ್ದೆ. ಹೌದು, ಅದಕ್ಕೇ ಹೇಳಲಿಲ್ಲ. ಈ ಯೋಚನೆ ಬಂದಲ್ಲೇ ಸಂತೋಷ ಮುಗಿಯಿತು. ತಾನು ಅವಳಿಗೆ ಹೇಳದೆ ಇದ್ದದ್ದೂ ಅದಕ್ಕೇ. ಇಬ್ಬರೂ ಒಬ್ಬರಿಂದೊಬ್ಬರು ಮುಖ ಮರೆಸಿಕೊಂಡು ನಡುವೆ ಮಗುವನ್ನು ನಿಲ್ಲಿಸಿದ್ದರು. ಮಂಚದ ಹತ್ತಿರ ಹೋಗಿ ಬಗ್ಗದೆ, ದೂರದಿಂದಲೇ, ಗುಬ್ಬಿಯ ಉಸಿರನ್ನು ನೋಡಿದಳು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಇವತ್ತು ಸರಿ. ನಾಳೆ? ನಾಡಿದ್ದು? ಮಧ್ಯಾಹ್ನವಿಡೀ ಸಂಜೆ ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಹೊಸೆದಳು. ಒಮ್ಮೆ ಚೂಪಾಗಿ, ಒಮ್ಮೆ ಮೆತ್ತಗೆ, ಒಮ್ಮೆ ಏನೂ ಗೊತ್ತಿಲ್ಲದವಳ ಹಾಗೆ. ಕೊನೆಗೆ ಏನೂ ಹೇಳದೆ ಹೋಗಿಬಿಡುವುದು, ರಾತ್ರಿ ಫೋನು ಮಾಡಿ ಅಕ್ಕನಿಗೆ ಹುಷಾರಿಲ್ಲ ಎನ್ನುವುದು ಎಂದು ಗಟ್ಟಿ ಮಾಡಿದಳು. ಅಕ್ಕನ ಹೆಸರಿನಲ್ಲಿ ರಜೆ ಕೇಳಿದರೆ ಕೆಂಪು ಸುತ್ತು ಬೀಳುವುದಿಲ್ಲ, ಸಂಬಳ ಹಿಡಿಯುತ್ತಾರೆ ಅಷ್ಟೇ.

ನಾಲ್ಕಕ್ಕೆ ಗುಬ್ಬಿಗೆ ತೊಂಬತ್ತೆಂಟು ಪಾಯಿಂಟ್ ಎರಡು. ಬರೆದಳು. ಅಕ್ಷರ ವಾಲಿತ್ತು. ಐದರ ಹೊತ್ತಿಗೆ ಚಳಿ ಹೋಗಿ ಮೈಯೆಲ್ಲ ಹಂಚಿನಂತಾಗಿತ್ತು, ಗೋಡೆಯ ಗಡಿಯಾರದ ಮುಳ್ಳುಗಳು ಎರಡೆರಡಾಗಿ ಕಾಣುತ್ತಿದ್ದವು. ಎಷ್ಟಿದೆ ಎಂದು ಒಮ್ಮೆ ತಿಳಿದರೆ ಬಸ್ಸು ಹತ್ತಬಹುದೋ ಇಲ್ಲವೋ ಎಂದಾದರೂ ಗೊತ್ತಾಗುತ್ತದೆ ಎಂದುಕೊಂಡು ಗುಬ್ಬಿಯ ಥರ್ಮಾಮೀಟರನ್ನೇ ಕಂಕುಳಲ್ಲಿಟ್ಟುಕೊಂಡಳು. ನೂರಾ ಎರಡು ಪಾಯಿಂಟ್ ನಾಲ್ಕು. ಸ್ಪಿರಿಟ್ಟಿನಲ್ಲಿ ಒರೆಸಿದಳು, ಮತ್ತೆ ಒರೆಸಿದಳು, ಮೂರನೆಯ ಸಲವೂ ಒರೆಸಿ ಡಬ್ಬಿಯಲ್ಲಿಟ್ಟಳು.

ತಾಯಿ ಬಂದದ್ದು ಆರೂ ಕಾಲಿಗೆ. ಗುಬ್ಬಿ ನೆಲದ ಮೇಲೆ ಡಬ್ಬಗಳನ್ನು ಒಂದರ ಮೇಲೊಂದು ಇಡುತ್ತಿತ್ತು. ದೊಡ್ಡಮ್ಮ ಚೀಲವನ್ನು ಆಗಲೇ ಹೆಗಲಿಗೆ ಹಾಕಿಕೊಂಡು, ಶಾಲು ಬಿಚ್ಚಿ, ಬಾಗಿಲಿನ ಹತ್ತಿರ ನಿಂತಿದ್ದಳು. ಬಸ್ಸು ಆರೂವರೆಗೆ ಎಂದಳು. ತಾಯಿ ಎಂದಿನಂತೆ ಚೀಲ ಇಳಿಸದೆ ಡಬ್ಬಿ ತೆರೆದಳು, ಥರ್ಮಾಮೀಟರನ್ನು ಕೈಗೆ ತೆಗೆದುಕೊಂಡಳು, ಅದರ ಗುಂಡಿಯನ್ನು ಒತ್ತಿದಳು. ಒತ್ತುವುದನ್ನು ದೊಡ್ಡಮ್ಮ ಇಷ್ಟು ದಿನ ಬೆನ್ನ ಹಿಂದಿನಿಂದ ನೋಡಿದ್ದಳೇ ಹೊರತು ಯಾಕೆಂದು ಯೋಚಿಸಿರಲಿಲ್ಲ. ತಾಯಿಯ ಬೆನ್ನು ಒಮ್ಮೆಗೇ ನೆಟ್ಟಗಾಯಿತು. ಪುಸ್ತಕ ಎಳೆದುಕೊಂಡು ನೋಡಿದಳು. ಥರ್ಮಾಮೀಟರನ್ನು ನೋಡಿದಳು. ಹೆಗಲ ಚೀಲ ಜಾರಿ ನೆಲಕ್ಕೆ ಬಿತ್ತು, ಅದನ್ನು ದಾಟಿಕೊಂಡು ಹೋಗಿ ಗುಬ್ಬಿಯನ್ನು ಬಾಚಿ ಎತ್ತಿಕೊಂಡಳು.

"ಪುಸ್ತಕದಲ್ಲಿ ತೊಂಬತ್ತೆಂಟು ಅಂತ ಬರ್ದಿದೀರಿ. ಇದರಲ್ಲಿ ಕೊನೇಗೆ ನೋಡಿದ್ದು ನೂರಾ ಎರಡು ಅಂತಿದೆ. ಯಾಕೆ ಮುಚ್ಚಿಟ್ರಿ?"

ಕೊನೆಗೆ ನೋಡಿದ್ದು ಅದರೊಳಗೆ ಉಳಿಯುತ್ತದೆ. ಒಂದೂವರೆ ವರ್ಷದಿಂದ ಉಳಿಯುತ್ತಿತ್ತು. ಒರೆಸಿದ್ದಾಳೋ ಇಲ್ಲವೋ ಎಂದು ನೋಡುತ್ತಿರಲಿಲ್ಲ, ಬರೆದದ್ದು ನಿಜವೋ ಎಂದು ನೋಡುತ್ತಿದ್ದಳು, ಪ್ರತಿ ದಿನ, ಚೀಲವನ್ನೂ ಇಳಿಸದೆ. ದೊಡ್ಡಮ್ಮನಿಗೆ ಇದು ತಿಳಿದದ್ದು ಜ್ವರಕ್ಕಿಂತ ಹೆಚ್ಚಾಗಿ ಮುಖಕ್ಕೆ ಬಿಸಿಯೇರಿಸಿತು. ಬರೆದ ಒಂದೊಂದು ಅಂಕಿಯೂ ನಿಜವಾಗಿತ್ತಲ್ಲ ಎಂದು ಕೂಗಬೇಕೆನ್ನಿಸಿತು. ಅಷ್ಟರಲ್ಲಿ ತಾಯಿ ಒಂದು ಕೈಯಲ್ಲಿ ಫೋನು ಒತ್ತುತ್ತ, ಇನ್ನೊಂದು ಕೈಯಿಂದ ಸಿರಪ್ಪಿನ ಬಾಟಲಿಗೆ ತಡಕಾಡುತ್ತ, ಆಸ್ಪತ್ರೆಗೆ ಟ್ಯಾಕ್ಸಿ, ಟ್ಯಾಕ್ಸಿ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಬಾಟಲಿಯ ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು. ಗುಬ್ಬಿ ತಾಯಿಯ ಮುಖ ನೋಡಿ ಅಳಲು ಶುರು ಮಾಡಿತು. ಎರಡು ನಿಮಿಷ ಇದೆಯೋ ಇಲ್ಲವೋ ಎನ್ನುವಂತಿದ್ದ ಮಗುವಿನ ಭಾರ ಅವಳ ತೋಳಲ್ಲಿ ಈಗಲೂ ಹಾಗೇ ಇದೆ, ಇಳಿದೇ ಇಲ್ಲ ಎನ್ನುವುದು ದೊಡ್ಡಮ್ಮನಿಗೆ ಕಾಣಿಸಿತು. ಸುಮ್ಮನಿದ್ದುಬಿಟ್ಟರೆ ಬಸ್ಸು ಸಿಗುತ್ತದೆ. ಆಸ್ಪತ್ರೆಯಲ್ಲಿ ಅವರೇ ಮಗುವಿಗೆ ಏನೂ ಇಲ್ಲ, ನಿಮ್ಮ ಯಂತ್ರ ಕೆಟ್ಟಿದೆ ಎನ್ನುತ್ತಾರೆ. ಅಷ್ಟರೊಳಗೆ ಜ್ವರವಿಲ್ಲದ ಮೈಗೆ ಒಂದು ಚಮಚ ಔಷಧಿ ಹೋಗಿರುತ್ತದೆ.

"ಅದು ಗುಬ್ಬೀದಲ್ಲ, ನಂದು," ಎಂದಳು.

ತಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗುಬ್ಬಿಯನ್ನು ಎತ್ತಿಕೊಂಡ ಹಾಗೆಯೇ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಬೇಕೆಂದು ಸರಿದದ್ದಲ್ಲ, ಕಾಲುಗಳೇ ಸರಿದವು. ಆ ಎರಡು ಹೆಜ್ಜೆಗಳನ್ನು ದೊಡ್ಡಮ್ಮ ಎಣಿಸಿದಳು. ನೂರಾ ಎರಡು ಜ್ವರ ಇಟ್ಟುಕೊಂಡು ಬಂದಿರಾ, ಇಂಥ ಮಗುವಿನ ಹತ್ತಿರ, ಎಲ್ಲ ಗೊತ್ತಿದ್ದೂ, ಎಂದು ತಾಯಿ ಕೇಳಿದಳು. ದನಿ ಏರಿರಲಿಲ್ಲ, ಅದೇ ಕೆಟ್ಟದಾಗಿತ್ತು. ಬೆಳಿಗ್ಗೆ ಗಾಳಿ ಅಂದಿರಿ. ಆರು ದಿನ ರಜೆ ಕೊಟ್ಟಿಲ್ಲವೇ, ಸಂಬಳ ಹಿಡಿದಿದ್ದೇನೆಯೇ, ಕಾಗದದಲ್ಲಿ ಬರೆದು ಕೊಟ್ಟಿಲ್ಲವೇ. ಎಲ್ಲದಕ್ಕೂ ಹೌದು ಎನ್ನುವುದೇ ಉತ್ತರ. ದೊಡ್ಡಮ್ಮ ತಲೆ ತಗ್ಗಿಸಿ ನಿಂತಿದ್ದಳು, ಉರುಳಿ ಹೋದ ಬಾಟಲಿ ಮುಚ್ಚಳ ಮೇಜಿನ ಕಾಲಿಗೆ ತಾಗಿ ನಿಂತದ್ದನ್ನು ನೋಡುತ್ತ. ನಂಬಿಕೆ ಎನ್ನುವುದು ಒಂದು ಇರುತ್ತದೆ ಎಂದು ತಾಯಿ ಹೇಳಿದಾಗ ಅವಳ ಕೈಯಲ್ಲಿ ಇನ್ನೂ ಆ ಥರ್ಮಾಮೀಟರು ಇತ್ತು. ದೊಡ್ಡಮ್ಮ ತಲೆ ಎತ್ತಿದಳು. ಒಂದೂವರೆ ವರ್ಷ ಏನೂ ಕರೆಯದ ಬಾಯಿಗೆ ಆ ಕ್ಷಣಕ್ಕೆ ತಾನಾಗಿ ಬಂದದ್ದು, ಚಿಕ್ಕವರಿಗೆ ಯಾರಿಗಾದರೂ ಅನ್ನುವಂಥದ್ದು.

"ನೋಡಮ್ಮ, ಶನಿವಾರ ನಾನೇ ಜೋಡಿಸಿಟ್ಟ ಮಾತ್ರೆ ಪಟ್ಟೀಲಿ ನಾಲ್ಕು ಕಮ್ಮಿ ಇದೆ. ನಾನು ಮುಟ್ಟಿಲ್ಲ."

ಚೂಪಾಗಿ ಹೊಸೆದದ್ದು ಬಾಯಿಗೆ ಬರುವಾಗ ದಣಿದು ಬಂದಿತ್ತು. ತಾಯಿಯ ಕಿವಿಯ ಓಲೆ ಅಲ್ಲಾಡುವುದು ನಿಂತಿತು. ಅವಳು ಏನಾದರೂ ಹೇಳುತ್ತಾಳೆ, ತಲೆನೋವು ಎನ್ನುತ್ತಾಳೆ, ಸೊಂಟ ಎನ್ನುತ್ತಾಳೆ, ಹಾಗೆಂದರೆ ತಾನು ನಂಬಿದವಳಂತೆ ಹೊರಟುಬಿಡುವುದು ಎಂದು ದೊಡ್ಡಮ್ಮ ಕಾದಳು. ತಾಯಿ ಹತ್ತಿರದ ಕುರ್ಚಿಗೆ ಕೂತಳು. ಗುಬ್ಬಿಯ ಅಂಗಿ ಸರಿಸಿ ಥರ್ಮಾಮೀಟರನ್ನು ಕಂಕುಳಲ್ಲಿಟ್ಟಳು. ಇಬ್ಬರೂ ಅದು ಕೀಂ ಎನ್ನುವುದಕ್ಕೆ ಕಾದರು. ತೊಂಬತ್ತೆಂಟು ಪಾಯಿಂಟ್ ನಾಲ್ಕು.

"ಭಾನುವಾರ ರಾತ್ರಿ ನೂರಾ ಒಂದಿತ್ತು," ಎಂದಳು ತಾಯಿ, ಅಂಕಿಯನ್ನೇ ನೋಡುತ್ತ. "ನಿಮಗೆ ಹೇಳಿದ್ರೆ ನೀವು ಬರಲ್ಲ ಅನ್ಕೊಂಡೆ."

ತನ್ನ ರಜೆಗಳೆಲ್ಲ ಗುಬ್ಬಿಯ ನೆಗಡಿ, ಗುಬ್ಬಿಯ ಹೊಟ್ಟೆನೋವು ಎಂದು ಎಂದೋ ಮುಗಿದಿವೆ, ಇನ್ನೊಂದು ತೆಗೆದುಕೊಂಡರೆ ಸಂಬಳ ಹೋಗುವುದಲ್ಲ, ಮುಂದಿನ ತಿಂಗಳು ಕೆಲಸದಿಂದ ತೆಗೆಯುವವರ ಪಟ್ಟಿಗೆ ಹೆಸರು ಹೋಗುತ್ತದೆ ಎಂದು ಅವಳು ಹೇಳಿದಳು. ಸೋಮವಾರ ಮಾತ್ರೆ ನುಂಗಿ ಹೋಗಿದ್ದಳು, ಮಧ್ಯಾಹ್ನ ಆಫೀಸಿನ ಮೆಟ್ಟಿಲಲ್ಲಿ ಕೂತು ಇನ್ನೊಂದು. ಆರು ಗಂಟೆಗೊಂದು. ದೊಡ್ಡಮ್ಮನಿಗೆ ಆ ಲೆಕ್ಕ ಗೊತ್ತಿತ್ತು. ಪಾಪ ಎನ್ನಿಸಿತು, ಜೊತೆಗೆ ತೊಳೆದ ಆ ಲೋಟವೂ ನೆನಪಿಗೆ ಬಂತು. ಎರಡೂ ಒಂದನ್ನೊಂದು ಅಳಿಸಲಿಲ್ಲ. ಕ್ಷಮಿಸಿ ಎಂದು ಯಾರೂ ಹೇಳಲಿಲ್ಲ. ರಾತ್ರಿ ಫೋನು ಮಾಡಿ ಅಕ್ಕನಿಗೆ ಹುಷಾರಿಲ್ಲ ಎನ್ನುವುದು ಇನ್ನೂ ಬಾಯಿಯಲ್ಲಿ ಸಿದ್ಧವಾಗಿತ್ತು, ಲವಂಗದ ಹಾಗೆ. ಹಣ್ಣಿನ ಬುಟ್ಟಿಯ ಮೇಲಿನ ರಿಬ್ಬನ್ನನ್ನು ಅಕ್ಕ ಬಹಳ ದಿನ ಬಿಸಾಡಿರಲಿಲ್ಲ. ಅದರಲ್ಲಿ ಕಿಟಕಿಯ ಪರದೆ ಕಟ್ಟುತ್ತಿದ್ದಳು.

ದೊಡ್ಡಮ್ಮ ಚಪ್ಪಲಿ ಮೆಟ್ಟಿದವಳು ಕಳಚಿ ಅಡುಗೆಮನೆಗೆ ಹೋದಳು. ಬೀರು ತೆರೆದಳು. ಕೆಂಪು ಪೆನ್ನು ಅಲ್ಲೇ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ದಾರದಲ್ಲಿ ನೇತಾಡುತ್ತಿತ್ತು. ಅದನ್ನು ಈವರೆಗೆ ಅವಳು ಮುಟ್ಟಿರಲಿಲ್ಲ. ತಾಯಿ ಮಗುವನ್ನೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತದ್ದು ಬೆನ್ನಿಗೆ ತಿಳಿಯಿತು. ಗುರುವಾರಕ್ಕೆ ಒಂದು ಸುತ್ತು ಹಾಕಿದಳು. ಅದು ಮೊಟ್ಟೆಯಂತಾಯಿತು. ಶುಕ್ರವಾರಕ್ಕೆ ಇನ್ನೊಂದು.

"ಎರಡು ಸಾಕಾಗಲ್ವಾ, ದೊಡ್ಡಮ್ಮ?" ಎಂದಳು ತಾಯಿ. ಬಹಳ ಮೆಲ್ಲಗೆ. "ನಾಳೆ ನಾಡಿದ್ದು ಹೇಗೋ ಮಾಡ್ತೀನಿ. ಶನಿವಾರ ಆಫೀಸಲ್ಲಿ ಆಡಿಟ್ ಇದೆ."

ಹೇಗೋ ಎಂದರೆ ಹಸಿರು ಪಿನ್ನಿನವಳು. ಪೆನ್ನು ಶನಿವಾರದ ಮೇಲೆ ನಿಂತಿತ್ತು. ಬೇರೆ ದಿನವಾಗಿದ್ದರೆ ಈ ಮೆಲುದನಿಗೆ ಅವಳು ಕರಗಿ, ಸಾಕು ಬಿಡಿ, ಅಷ್ಟರಲ್ಲಿ ಹುಷಾರಾಗ್ತೀನಿ ಎಂದು ಪೆನ್ನನ್ನು ಮೊಳೆಗೆ ಸಿಕ್ಕಿಸುತ್ತಿದ್ದಳು. ತಾಯಿಯ ಹೆಗಲ ಮೇಲಿನಿಂದ ಗುಬ್ಬಿ ಕೈ ಚಾಚಿ ದೊಮ್ಮ ಕಳ್ಳ ಎಂದಿತು.

"ಸಾಕಾಗಲ್ಲ," ಎಂದಳು ದೊಡ್ಡಮ್ಮ, ಮೂರನೆಯ ಸುತ್ತು ಹಾಕಿದಳು. ಮೊದಲಿನ ಎರಡಕ್ಕಿಂತ ಅದು ಗುಂಡಗೆ ಬಂತು. ಬೀರು ಮುಚ್ಚಿದಳು. ದಾರಿಯಲ್ಲಿ ಬಗ್ಗಿ ಬಾಟಲಿಯ ಮುಚ್ಚಳವನ್ನೆತ್ತಿ ಮೇಜಿನ ಮೇಲಿಟ್ಟಳು. ಚೀಲದಿಂದ ಹಸಿರು ಪಿನ್ನನ್ನು ತೆಗೆದು, ಬಂದವಳಿಗೆ ಕೊಡಿ, ಅವಳದು, ಎಂದು ಅದರ ಪಕ್ಕದಲ್ಲಿಟ್ಟಳು. ಗುಬ್ಬಿ ನಾನು ಹೇಳುವ ಹಾಡೇ ಬೇಕೆನ್ನುತ್ತಾಳೆ, ಬಂದವಳಿಗೆ ಅದು ಗೊತ್ತಿಲ್ಲದಿದ್ದರೆ ಫೋನು ಮಾಡಲಿ ಎಂದು ಹೇಳಬೇಕೆಂದಿದ್ದಳು. ಹೇಳಲಿಲ್ಲ.

ಎರಡನೆಯ ಮಹಡಿಯ ತಿರುವಿಗೆ ಬರುವ ಹೊತ್ತಿಗೆ ಬಸ್ಸು ಹೋಗಿರುತ್ತದೆ ಎಂದು ಗೊತ್ತಾಗಿತ್ತು. ಮೇಲೆ ಬಾಗಿಲು ಹಾಕಿದ ಸದ್ದು ಕೇಳಿರಲಿಲ್ಲ. ಅಲ್ಲಿಯೇ ಗೋಡೆಗೆ ಕೈಯೂರಿ ನಿಂತಳು. ಬೆಳಿಗ್ಗೆ ಬಾ ಎಂದರೆ ಬಾರದಿದ್ದ ಕೆಮ್ಮು ಈಗ ಬಂತು, ಹೊಟ್ಟೆಯ ಬುಡದಿಂದ, ಇಡೀ ದಿನದ್ದು. ಶಾಲನ್ನು ಬಾಯಿಗೆ ಒತ್ತಿಕೊಳ್ಳಲು ಕೈ ಹೋಗಿ, ಅರ್ಧದಲ್ಲೇ ನಿಂತು, ಕೆಳಗಿಳಿಯಿತು. ಮೇಲೆ ತೆರೆದ ಬಾಗಿಲಲ್ಲಿ ಯಾರೋ ನಿಂತು ಕೇಳುತ್ತಿದ್ದರು. ಕೇಳಲಿ. ಪೂರಾ ಮುಗಿಯುವವರೆಗೆ ಅವಳು ಕೆಮ್ಮಿದಳು.